ಗುಂಡು ತಾಗದೆ ಸತ್ತವರು

ಮಡಿಕೇರಿಯಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ, ಸೈನಿಕರ ಹೆಸರು ಹೇಳಿಯೇ ದಾರಿ ತೋರಿಸುತ್ತಾರೆ. ಜನರಲ್ ತಿಮ್ಮಯ್ಯ ಸರ್ಕಲ್, ಮಂಗೇರಿರ ಮುತ್ತಣ್ಣ ಸರ್ಕಲ್, ಅಜ್ಜಮಾಡ ದೇವಯ್ಯ ಸರ್ಕಲ್. ಕಾಲೇಜು ಎಲ್ಲಿ ಅಂದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು. ತಿಮ್ಮಯ್ಯನವರ ಸನ್ನಿಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ. 2023ರಲ್ಲಿ ಬಸ್ಸೊಂದು ಬಡಿದು ತಿಮ್ಮಯ್ಯನವರ ಪ್ರತಿಮೆ ಉರುಳಿದಾಗ, ಅದನ್ನು ಮತ್ತೆ ನಿಲ್ಲಿಸುವವರೆಗೆ ಊರಿಗೆ ಸಮಾಧಾನ ಇರಲಿಲ್ಲ.

ಇವರ್ಯಾರ ಹೆಸರೂ ಸುಮ್ನೆ ಬಂದದ್ದಲ್ಲ. ದೇವಯ್ಯನವರನ್ನೇ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಯಲ್ಲಿ ತಮ್ಮ ಮಿಸ್ಟೇರ್ ವಿಮಾನದಲ್ಲಿ ಹೋದರು. ತಮಗಿಂತ ಎಷ್ಟೋ ವೇಗದ ಶತ್ರು ವಿಮಾನ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿದರು, ತಾವೂ ವಾಪಸ್ ಬರಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಂಥ ಸಾಹಸವೇ ಲೆಕ್ಕಕ್ಕೆ ಬರಲು ಇಪ್ಪತ್ಮೂರು ವರ್ಷ ಹಿಡಿಯಿತು. ಹಾಗಾದರೆ ಯುದ್ಧಭೂಮಿಗೆ ಅಕ್ಕಿ ಮೂಟೆ ಸಾಗಿಸುತ್ತಾ, ಜ್ವರ ಬಂದು ಸತ್ತ ಒಬ್ಬ ಲಾರಿ ಡ್ರೈವರ್ ಯಾವಾಗ ಲೆಕ್ಕಕ್ಕೆ ಬರಬೇಕು?

ನಾನು ಹೇಳುತ್ತಿರುವುದು ನಮ್ಮ ಅಜ್ಜಿಯ ಅಣ್ಣನ ವಿಷಯ. ಮನೆಯಲ್ಲಿ ಅವರಿಗೆ 'ಮಿಲ್ಟ್ರಿ ಅಜ್ಜ' ಅಂತಲೇ ಹೆಸರು. ಸತ್ತಾಗ ಅವರಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ನನ್ನ ಮಗನಿಗಿಂತ ಚಿಕ್ಕವರು.

ಅವರ ಊರು ಶನಿವಾರಸಂತೆ ಕಡೆ. ಕಾರ್ಯಪ್ಪನವರು 1899ರಲ್ಲಿ ಹುಟ್ಟಿದ್ದೂ ಶನಿವಾರಸಂತೆಯಲ್ಲೇ. ಅವರ ತಂದೆ ಕಂದಾಯ ಇಲಾಖೆಯಲ್ಲಿದ್ದರು. ನಮ್ಮಜ್ಜಿಯ ಅಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಗಾಡಿಯೂ ಸಾಹುಕಾರರದ್ದು, ಎತ್ತೂ ಸಾಹುಕಾರರದ್ದು. ಚಾಟಿ ಮಾತ್ರ ನಮ್ಮದು ಅಂತ ಅಜ್ಜಿ ನಗುತ್ತಿದ್ದರು. ಕಾಫಿ ಕೊಯ್ಲು ಮುಗಿದ ಮೇಲೆ ಮೂಟೆ ಸಾಗಿಸುವುದು, ಏಲಕ್ಕಿ ಕಾಲದಲ್ಲಿ ಏಲಕ್ಕಿ, ಮಳೆಗಾಲದಲ್ಲಿ ಯಾರದೋ ಗದ್ದೆಯಲ್ಲಿ ಕೆಲಸ. ಅಜ್ಜಿಯ ಅವ್ವ ತೋಟಕ್ಕೆ ಹೋಗುತ್ತಿದ್ದರು.

ಕೊಡಗಿನವರು ಅಂದರೆ ಹುಟ್ಟಾ ಸೈನಿಕರು ಅನ್ನುವ ಮಾತನ್ನು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ, ಹೊರಗಿನವರು ಹೇಳಿದಾಗ ಹೆಮ್ಮೆಯಿಂದ ತಲೆಯಾಡಿಸಿಯೂ ಇದ್ದೇನೆ. ಆದರೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆತನ ನಮ್ಮದಲ್ಲ. 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಕೊಟ್ಟದ್ದು ಕೊಡವರಿಗೆ ಮತ್ತು ಜಮ್ಮಾ ಭೂಮಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಭೂಮಿ, ಇದ್ದವರಿಗೆ. ನಮಗೆ ಜಮ್ಮಾ ಹೋಗಲಿ, ಹಿತ್ತಲು ಬಿಟ್ಟರೆ ಬೇರೆ ಭೂಮಿಯೇ ಇರಲಿಲ್ಲ. ಕೊಡಗಿನಿಂದ ಪಲ್ಟನ್ನಿಗೆ ಹೋದವರಲ್ಲಿ ಎರಡು ಬಗೆಯವರಿದ್ದರು. ಮನೆತನದ ದಾರಿ ಹಿಡಿದು ಹೋದವರು, ಹೊಟ್ಟೆಯ ದಾರಿ ಹಿಡಿದು ಹೋದವರು. ನಮ್ಮವರು ಎರಡನೆಯ ಬಗೆ.

ಹೋಗುವ ಮೊದಲು ಅವರು ಬಸ್ ಕ್ಲೀನರ್ ಆಗಿದ್ದರು. ಅದೂ ಇದ್ದಿಲು ಬಸ್ಸಿನ ಕ್ಲೀನರ್. ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಆಗ ಬಸ್ಸಿನ ಹಿಂಭಾಗದಲ್ಲಿ ದೊಡ್ಡದೊಂದು ಡ್ರಮ್ ಕೂರಿಸಿ, ಅದರೊಳಗೆ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಇಂಜಿನ್ ಓಡಿಸುತ್ತಿದ್ದರು. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಏಳುವುದು ಕ್ಲೀನರ್. ಡ್ರಮ್ಮಿಗೆ ಇದ್ದಿಲು ತುಂಬಿ, ಕೆಂಡ ಹಾಕಿ, ಗಾಳಿ ಹೊಡೆಯುವ ಹಿಡಿಕೆಯನ್ನು ಗರಗರ ತಿರುಗಿಸಬೇಕು. ತೋಳು ಬಿದ್ದು ಹೋಗುವ ಹೊತ್ತಿಗೆ ಗ್ಯಾಸ್ ಹಿಡಿಯುತ್ತದೆ. ಆಮೇಲೆ ಮುಂದೆ ಬಂದು ಹ್ಯಾಂಡಲ್ ಹಾಕಬೇಕು. ಏರು ಬಂದರೆ ಬಸ್ಸಿಗೆ ದಮ್ಮಿರುವುದಿಲ್ಲ, ಜನ ಇಳಿದು ತಳ್ಳಬೇಕು. ಕೊಡಗಿನಲ್ಲಿ ಏರಿಲ್ಲದ ರಸ್ತೆ ಎಲ್ಲಿದೆ ಹೇಳಿ? ಮುಖ, ಕೈ, ಬಟ್ಟೆ ಎಲ್ಲಾ ಮಸಿ. ಸಂಜೆ ಮನೆಗೆ ಬಂದರೆ ನಾಯಿ ಕೂಡ ಬೊಗಳುತ್ತಿತ್ತಂತೆ. ಆದರೆ ಆ ಕೆಲಸದಲ್ಲಿ ಒಂದು ಲಾಭ ಇತ್ತು. ಡ್ರೈವರ್ ಮನಸ್ಸು ಮಾಡಿದರೆ ಖಾಲಿ ಬಸ್ಸಿನ ಸ್ಟೇರಿಂಗ್ ಹಿಡಿಯಲು ಬಿಡುತ್ತಿದ್ದ. ಹಾಗೆ ಅವರು ಗಾಡಿ ಕಲಿತರು.

ಯುದ್ಧ ಎಲ್ಲೋ ಯುರೋಪಿನಲ್ಲಿ ಶುರುವಾಗಿತ್ತು, ಆದರೆ ಅದರ ಏಟು ನಮ್ಮ ತೋಟಗಳಿಗೆ ಬೇಗನೇ ತಟ್ಟಿತು. ನಮ್ಮ ಕಾಫಿಗೆ ಯುರೋಪು ದೊಡ್ಡ ಗಿರಾಕಿ. ಆ ಮಾರುಕಟ್ಟೆ ಮುಚ್ಚಿತು, ಬೆಲೆ ಬಿತ್ತು. ಕಾಫಿಯನ್ನು ಒಂದೇ ಕಡೆ ಕೂಡಿಸಿ ಮಾರುವ ಮಂಡಳಿ 1940ರಲ್ಲಿ ಹುಟ್ಟಿದ್ದೇ ಈ ಸಂಕಟದಿಂದ. ಅದೇ ಮುಂದೆ ಕಾಫಿ ಬೋರ್ಡ್ ಆಯಿತು. ಬೆಳೆಗಾರರು ಹೇಗೋ ಉಸಿರು ಹಿಡಿದರು. ತೋಟದಲ್ಲಿ ದಿನಗೂಲಿಯವರಿಗೆ ವಾರದಲ್ಲಿ ಇಷ್ಟೇ ದಿನ ಕೆಲಸ ಅಂತಾಯಿತು. 1942ರ ಮಾರ್ಚ್ 8ಕ್ಕೆ ರಂಗೂನು ಜಪಾನಿನವರ ಕೈಗೆ ಹೋಯಿತು. ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತಿತು. ಕೊಡಗಿನಲ್ಲಿ ಗದ್ದೆ ಇದೆ, ಭತ್ತ ಬೆಳೆಯುತ್ತದೆ, ನಿಜ. ಆದರೆ ಗದ್ದೆ ಇಲ್ಲದವರು ಕೊಂಡೇ ತಿನ್ನಬೇಕು. ಪಕ್ಕದ ಮಲಬಾರಿನಲ್ಲಿ ಅಕ್ಕಿಗೆ ಹಾಹಾಕಾರ ಎದ್ದ ಮೇಲೆ ನಮ್ಮಲ್ಲಿ ಬೆಲೆ ಸುಮ್ಮನಿರುತ್ತದಾ?

ಅದೇ ವರ್ಷ ಅವರು ಮಿಲ್ಟ್ರಿಗೆ ಸೇರಿದರು. ಆಗಸ್ಟಿನಲ್ಲಿ ಗಾಂಧೀಜಿ 'ಭಾರತ ಬಿಟ್ಟು ತೊಲಗಿ' ಅಂದಿದ್ದರು, ಕೊಡಗಿನಲ್ಲೂ ಜನ ಜೈಲಿಗೆ ಹೋಗುತ್ತಿದ್ದರು. ಇವರಿಗೆ ಅದು ಗೊತ್ತಿರಲಿಲ್ಲವೇ ಅಂತ ಅಜ್ಜಿಯನ್ನು ಒಮ್ಮೆ ಕೇಳಿದ್ದೆ. "ಗೊತ್ತಿತ್ತು ಮಗಾ, ಸಂತೇಲಿ ಎಲ್ಲಾ ಮಾತಾಡ್ತಿದ್ರು. ಆದ್ರೆ ತಿಂಗಳಿಗೆ ಹದಿನೆಂಟು ರೂಪಾಯಿ ಯಾರು ಕೊಡ್ತಾರೆ?" ಅಂದರು. ಊಟ, ಬಟ್ಟೆ, ಬೂಟು ಬೇರೆ. ಅಜ್ಜಿಯ ನೆನಪಿನಲ್ಲಿ ಬೂಟಿನದ್ದೇ ದೊಡ್ಡ ವಿಷಯ. ಆ ಮನೆಯಲ್ಲಿ ಅಲ್ಲಿಯವರೆಗೆ ಯಾರ ಕಾಲಿಗೂ ಬೂಟು ಬಿದ್ದಿರಲಿಲ್ಲ.

ಸೇನೆಗೂ ಅವರು ಬೇಕಾಗಿದ್ದರು. 1939ರಲ್ಲಿ ಎರಡು ಲಕ್ಷದಷ್ಟಿದ್ದ ಭಾರತದ ಸೇನೆ 1945ರ ಹೊತ್ತಿಗೆ 25 ಲಕ್ಷ ದಾಟಿತು. ಎಲ್ಲರೂ ಸ್ವಂತ ಇಚ್ಛೆಯಿಂದ ಸೇರಿದವರೇ ಅಂತ ಪುಸ್ತಕಗಳು ಹೇಳುತ್ತವೆ. ಇದ್ದಿಲ ಮಸಿ ಮತ್ತು ಅರೆಹೊಟ್ಟೆ ಕೂಡ ಒಂದು ಇಚ್ಛೆ ಅಂತಾದರೆ, ಸರಿ. ಈ 25 ಲಕ್ಷದಲ್ಲಿ ಬಂದೂಕು ಹಿಡಿದು ಮುಂದೆ ನಿಂತವರಿಗೆ ಅನ್ನ, ಮದ್ದುಗುಂಡು, ಪೆಟ್ರೋಲ್ ಮುಟ್ಟಿಸಲು ಹಿಂದೆ ದೊಡ್ಡ ಪಡೆಯೇ ಬೇಕು. ರಸ್ತೆ ಕಡಿಯುವ ಪಯೋನಿಯರ್‌ಗಳು, ಹೇಸರಗತ್ತೆ ನಡೆಸುವವರು, ಅಡುಗೆಯವರು, ದೋಬಿಗಳು, ಲಾರಿಯವರು. ಸ್ಟೇರಿಂಗ್ ಹಿಡಿಯಲು ಬರುತ್ತದೆ ಅಂದವರನ್ನು ಬಿಡುವ ಮಾತೇ ಇಲ್ಲ. ಇವರು ಸೇರಿದ್ದು ಆರ್.ಐ.ಎ.ಎಸ್.ಸಿ.ಗೆ, ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕಾರ್ಪ್ಸ್‌ಗೆ. ಈಗಿನ ಆರ್ಮಿ ಸರ್ವೀಸ್ ಕಾರ್ಪ್ಸ್ ಅದರದ್ದೇ ಮುಂದುವರಿಕೆ.

ಮೈಸೂರಿಗೆ ಹೋಗಿ ರೈಲು ಹತ್ತಿದರು. ಕೊಡಗಿಗೆ ರೈಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆಮೇಲೆ ಕಾಗದಗಳು ಬಂದವು. ಅವರಿಗೆ ಸರಿಯಾಗಿ ಬರೆಯಲು ಬರುತ್ತಿರಲಿಲ್ಲ. ಕನ್ನಡ ಬಲ್ಲ ಯಾರೋ ಸಿಕ್ಕಾಗ ಬರೆಸುತ್ತಿದ್ದರು. ಹಾಗಾಗಿ ಒಂದೊಂದು ಕಾಗದ ಒಂದೊಂದು ಕೈಬರಹದಲ್ಲಿ. ಎಲ್ಲಿದ್ದೇನೆ ಅಂತ ಬರೆಯುವ ಹಾಗಿರಲಿಲ್ಲ, ಸೆನ್ಸಾರಿನವರು ಓದುತ್ತಿದ್ದರು. ಕ್ಷೇಮ, ಊಟ ಚೆನ್ನಾಗಿದೆ, ಹಿಂದೂಸ್ತಾನಿ ಮಾತು ಸ್ವಲ್ಪ ಬಂತು, ತಂಗಿಯನ್ನು ನೀರಿನ ಹತ್ತಿರ ಬಿಡಬೇಡಿ. ಅಷ್ಟೇ. ಕಾಗದಕ್ಕಿಂತ ನಿಯತ್ತಾಗಿ ಬರುತ್ತಿದ್ದದ್ದು ಮನಿಯಾರ್ಡರ್.

ಕಾಗದದಲ್ಲಿ ಇಲ್ಲದ ಒಂದು ವಿಷಯ ನನ್ನನ್ನು ಕಾಡುತ್ತದೆ. 1943ರಲ್ಲಿ ಅವರನ್ನು ಅಸ್ಸಾಂ ಕಡೆ ಕಳಿಸಿದರು. ದಕ್ಷಿಣದಿಂದ ಹೊರಟ ಮಿಲ್ಟ್ರಿ ರೈಲು ಬಂಗಾಳ ದಾಟದೆ ಅಲ್ಲಿಗೆ ಹೋಗುವುದಿಲ್ಲ. ಅದು ಬಂಗಾಳದ ಬರಗಾಲದ ವರ್ಷ. ಸತ್ತವರ ಲೆಕ್ಕ ಮೂವತ್ತು ಲಕ್ಷದವರೆಗೆ ಹೋಗುತ್ತದೆ. ಸ್ಟೇಷನ್ನುಗಳ ಹತ್ತಿರ, ರಸ್ತೆ ಬದಿಯಲ್ಲಿ ಜನ ಗಂಜಿ ನೀರಿಗೆ ಕೈಚಾಚುತ್ತಿದ್ದ ಕಾಲ. ಅಕ್ಕಿಗಾಗಿ ಮಿಲ್ಟ್ರಿ ಸೇರಿದ ಹುಡುಗ, ಅಕ್ಕಿ ಇಲ್ಲದೆ ಸಾಯುತ್ತಿರುವವರ ನಡುವೆ ರೇಷನ್ ಗಾಡಿಯ ಜೊತೆ ಹೋಗಿದ್ದಾನೆ. ಏನು ನೋಡಿದರೋ, ತಟ್ಟೆಯಲ್ಲಿದ್ದದ್ದು ಗಂಟಲಲ್ಲಿ ಇಳಿಯಿತೋ ಇಲ್ಲವೋ. ಮನೆಗೆ ಬಂದ ಕಾಗದದಲ್ಲಿ 'ಊಟ ಚೆನ್ನಾಗಿದೆ' ಅಂತ ಮಾತ್ರ ಇತ್ತು.

ಅಲ್ಲಿಂದ ಮುಂದೆ ರಸ್ತೆಯ ಕಥೆ. ರೈಲಿನ ದೊಡ್ಡ ತಂಗುದಾಣ ದಿಮಾಪುರ. ಅಲ್ಲಿಂದ ಕೊಹಿಮಾ ಮೇಲೆ ಹತ್ತಿ ಇಂಫಾಲಕ್ಕೆ ಸುಮಾರು 130 ಮೈಲಿ ಘಾಟಿ. ಇಂಫಾಲದಿಂದ ದಕ್ಷಿಣಕ್ಕೆ, ಬರ್ಮಾ ಒಳಗಿನ ಟಿಡ್ಡಿಮ್‌ಗೆ ಇನ್ನೊಂದು ರಸ್ತೆ. ಟಿಡ್ಡಿಮ್ ರಸ್ತೆಯ ಒಂದು ಭಾಗಕ್ಕೆ ಸೈನಿಕರು 'ಚಾಕೊಲೇಟ್ ಮೆಟ್ಟಿಲು' ಅಂತ ಹೆಸರಿಟ್ಟಿದ್ದರು. ಏಳು ಮೈಲಿಯಲ್ಲಿ 3,000 ಅಡಿ ಏರು, 38 ಹೇರ್‌ಪಿನ್ ತಿರುವು. ಮಳೆ ಬಂದರೆ ಇಡೀ ರಸ್ತೆ ಕಂದು ಕೆಸರು. ಇದನ್ನು ಓದುವಾಗೆಲ್ಲ ನನಗೆ ಸಂಪಾಜೆ ಘಾಟಿ, ಮಾಕುಟ್ಟದ ತಿರುವುಗಳು ಕಣ್ಣಿಗೆ ಬರುತ್ತವೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡವೇ ಜಾರಿ ಮಂಗಳೂರು ರಸ್ತೆ ಕಡಿದುಹೋದಾಗ ಮಣ್ಣಿಗೆ ಎಷ್ಟು ಶಕ್ತಿ ಇದೆ ಅಂತ ನಾವೆಲ್ಲ ನೋಡಿದೆವು, ಅಲ್ವಾ? ಅಂಥ ಮಣ್ಣಿನ ಮೇಲೆ, ಅಂಥ ಮಳೆಯಲ್ಲಿ, ದಿನಾ ಮೂರು ಟನ್ ಹೊರೆ ಹೊತ್ತ ಲಾರಿ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಪಾತಾಳ. ಕೊಡಗಿನ ಘಾಟಿಯಲ್ಲಿ ಇದ್ದಿಲು ಬಸ್ಸು ತಳ್ಳಿ ಬೆಳೆದವರು ಬಯಲುಸೀಮೆಯಿಂದ ಬಂದವರಷ್ಟು ಹೆದರಿರಲಿಕ್ಕಿಲ್ಲ. ಇದು ನನ್ನ ಊಹೆ, ಆದರೆ ಈ ಊಹೆ ನನಗೆ ಇಷ್ಟ.

ಈ ರಸ್ತೆಗಳನ್ನು ಮಾಡಿದವರ ಬಗ್ಗೆಯೂ ಒಂದು ಮಾತು. ದಿಮಾಪುರ–ಇಂಫಾಲ ರಸ್ತೆ ಅಗಲ ಮಾಡಲು ಅಸ್ಸಾಮಿನ ಟೀ ತೋಟಗಳ ಕೂಲಿಗಳನ್ನು ಸಾವಿರಗಟ್ಟಲೆ ಕರೆತಂದಿದ್ದರು. ಗುದ್ದಲಿ, ಬುಟ್ಟಿ ಹಿಡಿದು ಅವರು ಬೆಟ್ಟ ಕಡಿದರು. ತೋಟದ ಕೂಲಿಗಳು ಕಡಿದ ರಸ್ತೆಯಲ್ಲಿ ತೋಟದ ಕೂಲಿಯ ಮಗ ಲಾರಿ ಓಡಿಸಿದ. ಕಾಫಿ ತೋಟವಾದರೇನು, ಟೀ ತೋಟವಾದರೇನು.

1944ರ ಮಾರ್ಚ್‌ನಲ್ಲಿ ಜಪಾನಿನವರು ನುಗ್ಗಿದರು. ಟಿಡ್ಡಿಮ್‌ನಲ್ಲಿದ್ದ 17ನೇ ಡಿವಿಷನ್ ಲಾರಿ, ಹೇಸರಗತ್ತೆ, ಗಾಯಾಳುಗಳ ಸಮೇತ ಹೋರಾಡುತ್ತಾ ಇಂಫಾಲಕ್ಕೆ ಹಿಂದೆ ಸರಿಯಿತು. ಮಾರ್ಚ್ 29ಕ್ಕೆ ಕೊಹಿಮಾ–ಇಂಫಾಲ ರಸ್ತೆ ಕಡಿದುಹೋಯಿತು. ಮತ್ತೆ ತೆರೆದದ್ದು ಜೂನ್ 22ಕ್ಕೆ. ಹತ್ತಿರ ಹತ್ತಿರ ಮೂರು ತಿಂಗಳು ಇಂಫಾಲದ ಬಯಲಿಗೆ ಬಂದದ್ದೆಲ್ಲ ವಿಮಾನದಲ್ಲಿ. ಡಕೋಟಾಗಳು ಅಕ್ಕಿ, ಹಿಟ್ಟು, ಮದ್ದುಗುಂಡು ತಂದು, ಗಾಯಾಳುಗಳನ್ನೂ ರೋಗಿಗಳನ್ನೂ ಹೊತ್ತು ವಾಪಸ್ ಹೋಗುತ್ತಿದ್ದವು. ಒಳಗಿದ್ದವರ ರೇಷನ್ ಕಡಿಮೆ ಮಾಡಿದರು. ಮೇ ತಿಂಗಳ ಹೊತ್ತಿಗೆ ಮಳೆ ಹಿಡಿಯಿತು.

ನಮ್ಮವರು ಇಂಫಾಲದ ಒಳಗಿದ್ದರು. ಈ ಮುತ್ತಿಗೆ ಮುಗಿಯುವ ಹೊತ್ತಿಗೆ ಅವರೂ ಮುಗಿದಿದ್ದರು.

ಸುದ್ದಿ ಊರು ಮುಟ್ಟಿದ್ದು ಪುನರ್ವಸು ಮಳೆಯಲ್ಲಿ. ಊರೆಲ್ಲ ಗದ್ದೆಯಲ್ಲಿತ್ತು, ನಾಟಿ ನಡೆಯುತ್ತಿತ್ತು. ಟಪಾಲಿನವನು ತಂದ ಕಾಗದವನ್ನು ಶಾಲೆಯ ಮೇಷ್ಟ್ರ ಹತ್ತಿರ ಓದಿಸಿದರು. ಮೇಷ್ಟ್ರು ಓದಿದ್ದನ್ನು ಕೇಳಿದವರು ಅಜ್ಜಿಯ ಅಪ್ಪ ಒಬ್ಬರೇ. ಅವರು ಗದ್ದೆ ಬದುವಿಗೆ ಬಂದು, ಮಗ ಗುಂಡು ತಾಗಿ ಸತ್ತ ಅಂದರು. ಜಪಾನಿನವರ ಗುಂಡು ಎದೆಗೇ ತಾಗಿತು ಅಂದರು. ನಾನು ಹುಟ್ಟಿ ಬೆಳೆದು ಶಾಲೆಯಲ್ಲಿ ಭಾಷಣ ಮಾಡುವ ಕಾಲಕ್ಕೆ ಆ ಒಂದು ಗುಂಡು ಮೂರಾಗಿತ್ತು. ಲಾರಿಯ ಜೊತೆ ಒಂದು ಬಾವುಟವೂ ಸೇರಿಕೊಂಡಿತ್ತು.

ಅಜ್ಜಿಗೆ ಎಂಬತ್ತು ದಾಟಿದ ಮೇಲೆ, ಒಂದು ಮಧ್ಯಾಹ್ನ ಮೆಣಸು ಬಿಡಿಸುತ್ತಾ ಕೂತಿದ್ದಾಗ, ನಾನಾಗಿ ಕೇಳದೆಯೇ ಹೇಳಿದರು. "ಗುಂಡೂ ಇಲ್ಲ ಗಿಂಡೂ ಇಲ್ಲ ಮಗಾ. ಜ್ವರ ಬಂತು, ಹೋದ. ಆಸ್ಪತ್ರೇಲಿ. ಅಪ್ಪ ಸಾಯೋ ಮುಂಚೆ ನನ್ನ ಹತ್ರ ಹೇಳಿದ್ರು."

ನನಗೆ ಆಗ ಬಂದ ಮೊದಲ ಪ್ರಶ್ನೆ, ಆ ಮನುಷ್ಯ ಯಾಕೆ ಸುಳ್ಳು ಹೇಳಿದರು ಅಂತ. ಅಜ್ಜಿ ಅದಕ್ಕೂ ಉತ್ತರ ಕೊಟ್ಟರು. "ಜ್ವರದಲ್ಲಿ ಸಾಯಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು ಅಂತ ಜನ ಕೇಳ್ತಾರಲ್ಲ." ಇದಕ್ಕಿಂತ ಸರಿಯಾದ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಜ್ವರದ ಸಾವು ಊರಲ್ಲೇ ಧಾರಾಳವಾಗಿ ಸಿಗುತ್ತಿತ್ತು. ಮಲೇರಿಯಾದಿಂದ ಖಾಲಿಯಾದ, ತೋಟದ ಕೂಲಿಗಳ ಲೈನ್ ಮನೆಗಳನ್ನು ಆ ಕಾಲದ ಕೊಡಗು ಕಂಡಿತ್ತು. ಹದಿನೆಂಟು ರೂಪಾಯಿಗೆ ಮಗನನ್ನು ಕಳಿಸಿದ ತಂದೆಗೆ, ಆ ಸಾವಿಗೆ ಒಂದು ಗುಂಡನ್ನಾದರೂ ಸೇರಿಸಿ ಕೊಡಬೇಕು ಅನ್ನಿಸಿರಬೇಕು.

ಆದರೆ ಆ ಯುದ್ಧದ ಲೆಕ್ಕ ನೋಡಿದರೆ ಜ್ವರದ ಸಾವೇ ಅಲ್ಲಿನ ಮಾಮೂಲಿ ಸಾವು. ಬರ್ಮಾ ಗಡಿಯ 14ನೇ ಸೇನೆಯ ಸೇನಾಪತಿ ಸ್ಲಿಮ್ ಬರೆದಿಟ್ಟಿದ್ದಾರೆ. 1943ರಲ್ಲಿ ಗಾಯಗೊಂಡು ಹಿಂದೆ ಸಾಗಿಸಿದ ಒಬ್ಬೊಬ್ಬನಿಗೆ, ಕಾಯಿಲೆ ಬಿದ್ದು ಸಾಗಿಸಿದವರು 120 ಜನ. ಇನ್ನೊಮ್ಮೆ ಓದಿ, ಒಬ್ಬರಿಗೆ 120. ವರ್ಷಕ್ಕೆ ಸೇನೆಯ ಬಲದ ಶೇಕಡಾ 84ರಷ್ಟು ಮಲೇರಿಯಾ ಕೇಸುಗಳು. ಅದರ ಮೇಲೆ ಆಮಶಂಕೆ, ಹುಲ್ಲಿನ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್. ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಟ್ಟುತ್ತದೆ, ಆಮೇಲೆ ಬಿಡದ ಜ್ವರ. ಅದಕ್ಕೆ ಸರಿಯಾದ ಔಷಧಿ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ.

ಮಲೇರಿಯಾಕ್ಕೆ ಔಷಧಿ ಇತ್ತು, ಕ್ವಿನೈನ್. ಆದರೆ ಜಗತ್ತಿನ ಕ್ವಿನೈನ್ ಬಹುಪಾಲು ಬರುತ್ತಿದ್ದದ್ದು ಜಾವಾ ದ್ವೀಪದ ಸಿಂಕೋನಾ ತೋಟಗಳಿಂದ. 1942ರಲ್ಲಿ ಜಾವಾ ಜಪಾನಿನವರ ಪಾಲಾಯಿತು. ಕೊಡಗಿನ ತೋಟದ ಡಿಸ್ಪೆನ್ಸರಿಗೂ, ಇಂಫಾಲದ ಡೇರೆ ಆಸ್ಪತ್ರೆಗೂ ಒಂದೇ ಕೊರತೆ. ಸೇನೆಯಲ್ಲಿ ಬದಲಿಗೆ ಮೆಪಾಕ್ರಿನ್ ಅನ್ನುವ ಹಳದಿ ಮಾತ್ರೆ ಕೊಟ್ಟರು. ದಿನಾ ನುಂಗಿದರೆ ಮೈಯೇ ಹಳದಿಯಾಗುತ್ತಿತ್ತು. ಅದನ್ನು ನುಂಗಿದರೆ ಗಂಡಸುತನ ಹೋಗುತ್ತದೆ ಅಂತ ಸಿಪಾಯಿಗಳಲ್ಲಿ ಗುಸುಗುಸು ಹಬ್ಬಿತ್ತು. ಹಾಗಾಗಿ ಎಷ್ಟೋ ಜನ ಕೆನ್ನೆಯಲ್ಲಿಟ್ಟುಕೊಂಡು ಆಮೇಲೆ ಉಗಿಯುತ್ತಿದ್ದರು. ನಮ್ಮವರೂ ಉಗಿದರೋ ಏನೋ. ಇಪ್ಪತ್ತೆರಡರ ಹುಡುಗ, ಮದುವೆ ಬೇರೆ ಆಗಿರಲಿಲ್ಲ.

ಅದೇ ಗಡಿಯಲ್ಲಿ, ದಕ್ಷಿಣಕ್ಕೆ ಅರಾಕಾನ್ ಕಡೆ, ಕೊಡಗಿನ ದೊಡ್ಡ ಹೆಸರುಗಳೂ ಇದ್ದವು. ಕಾರ್ಯಪ್ಪನವರು 26ನೇ ಡಿವಿಷನ್ನಿನಲ್ಲಿ ಅಧಿಕಾರಿಯಾಗಿದ್ದರು. ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನ ಒಂದು ಬೆಟಾಲಿಯನ್ ನಡೆಸಿ, 1945ರ ಆರಂಭದಲ್ಲಿ ಕಂಗಾವ್ ಕದನದಲ್ಲಿ ಹೆಸರು ಮಾಡಿ ಡಿ.ಎಸ್.ಒ. ಪದಕ ಪಡೆದರು. ಅವರು ಗೆದ್ದದ್ದು ನಿಜ, ಚೆನ್ನಾಗಿಯೇ ಗೆದ್ದರು. ಆದರೆ ಯಾವ ಬೆಟಾಲಿಯನ್ನೂ ಊಟ ಮಾಡದೆ ಗುಡ್ಡ ಹತ್ತುವುದಿಲ್ಲ. ಆ ಊಟ ಹೊತ್ತವರಿಗೆ ಕದನದ ಹೆಸರು ಇರುವುದಿಲ್ಲ, ರಸ್ತೆಯ ಮೈಲಿಗಲ್ಲು ಮಾತ್ರ ಇರುತ್ತದೆ.

ಅವರ ದುಡಿಮೆಯ ಗುರುತು ಬೇರೆ ಕಡೆ ಇತ್ತು. ಮನಿಯಾರ್ಡರ್ ದುಡ್ಡಿನಲ್ಲಿ ಅಜ್ಜಿಯ ಅವ್ವ ಹುಲ್ಲಿನ ಮಾಡು ತೆಗೆಸಿ ಮಂಗಳೂರು ಹೆಂಚು ಹಾಕಿಸಿದ್ದರು. ಶನಿವಾರಸಂತೆ ಕಡೆಯ ಮಳೆ ಗೊತ್ತಿದ್ದವರಿಗೆ ಹುಲ್ಲಿನ ಮಾಡಿನ ಕಷ್ಟ ಹೇಳಬೇಕಿಲ್ಲ. ಪ್ರತಿ ವರ್ಷ ಹೊಸ ಹುಲ್ಲು ಹೊದೆಸಬೇಕು, ಆದರೂ ಸೋರುತ್ತದೆ. ಅದು ತಪ್ಪಿತು. ಒಂದು ಎಮ್ಮೆಯೂ ಬಂತು. ನಮ್ಮಜ್ಜಿ ಮದುವೆಯಾಗಿ ಹೊರಟದ್ದು ಹೆಂಚಿನ ಮನೆಯಿಂದ. ಅದರಿಂದ ಗಂಡಿನ ಕಡೆಯವರ ಮಾತಿನ ಧಾಟಿಯೇ ಬದಲಾಗಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ನಾಲ್ಕು ಜನ ಕೂತು ಮಾತಾಡುವ ಮದುವೆ ಮಾತುಕತೆಯಲ್ಲಿ, ಇಂಫಾಲದ ರಸ್ತೆಯಲ್ಲಿ ಓಡಿದ ಲಾರಿಯೂ ಒಂದು ಕಡೆ ಕೂತಿತ್ತು ಅನ್ನಬಹುದು. ಮಗ ಸತ್ತ ಮೇಲೆ ತಾಯಿಗೆ ಚೂರು ಪಿಂಚಣಿ ಬರುತ್ತಿತ್ತು. ಅದರಿಂದ ಉಪ್ಪು, ಸೀಮೆಎಣ್ಣೆಗೆ ದಾರಿಯಾಯಿತು.

1947 ಬಂತು. ಆಮೇಲೆ ಅವರಿಗೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ. ಜೈಲಿಗೆ ಹೋದವರು ಸ್ವಾತಂತ್ರ್ಯ ಹೋರಾಟಗಾರರು, ಅದು ಸರಿಯೇ. ಸಿಂಗಾಪುರದಲ್ಲಿ ಸೆರೆಸಿಕ್ಕು ನೇತಾಜಿಯವರ ಐ.ಎನ್.ಎ. ಸೇರಿದವರಿಗೆ ತಡವಾಗಿಯಾದರೂ ಗೌರವ ಸಿಕ್ಕಿತು. ಅವರಲ್ಲಿ ಕೊಡಗಿನವರೂ ಇದ್ದರು. ಇಂಫಾಲದ ಮೇಲೆ ನುಗ್ಗಿದ ಜಪಾನಿ ಸೇನೆಯ ಜೊತೆ ಐ.ಎನ್.ಎ. ಕೂಡ ಬಂದಿತ್ತು. ಅಂದರೆ ನಮ್ಮವರು ಯಾರ ವಿರುದ್ಧ ನಿಂತ ಸೇನೆಗೆ ಅಕ್ಕಿ ಹೊತ್ತರು? ಈ ಪ್ರಶ್ನೆಯನ್ನು ನಾನು ತಪ್ಪಿಸಿಕೊಂಡು ಓಡುವುದಿಲ್ಲ. ಆದರೆ ಅದರ ಉತ್ತರವನ್ನು ಒಬ್ಬ ಕ್ಲೀನರ್ ಹುಡುಗನ ಹೆಗಲಿಗೆ ಹೊರಿಸಲೂ ನನಗೆ ಮನಸ್ಸಿಲ್ಲ. ಯಾವ ಸೇನೆ ಯಾವ ಕಡೆ ಅಂತ ತೀರ್ಮಾನ ಮಾಡಿದವರು ಬೇರೆ. ಇವರು ಸಂಬಳಕ್ಕೆ ಲಾರಿ ಓಡಿಸಿದರು.

ಇಷ್ಟೆಲ್ಲ ಯೋಚನೆ ಹೊಕ್ಕದ್ದು 2023ರಲ್ಲಿ. ಆ ವರ್ಷ ಆಗಸ್ಟಿನಲ್ಲಿ 'ನನ್ನ ಮಣ್ಣು ನನ್ನ ದೇಶ' ಅಭಿಯಾನ ನಡೆಯಿತು. ದೇಶದ ಪಂಚಾಯಿತಿಗಳಲ್ಲೆಲ್ಲ ವೀರರ ಹೆಸರಿನ ಕಲ್ಲಿನ ಫಲಕ ನಿಲ್ಲಿಸುವ ಕಾರ್ಯಕ್ರಮ. ನಮ್ಮವರ ಹೆಸರನ್ನೂ ಕೊಡೋಣ ಅಂತ ಚಿಕ್ಕಪ್ಪ ಹೊರಟರು. ಊರಿನ ಒಬ್ಬರು ಕೇಳಿದರು, "ಬ್ರಿಟಿಷರ ಪಲ್ಟನ್ನಿನಲ್ಲಿದ್ದವರು ಇದಕ್ಕೆ ಬರ್ತಾರಾ?" ಇನ್ನೊಬ್ಬರು, "ಹೇಗೆ ಸತ್ತದ್ದು?" ಚಿಕ್ಕಪ್ಪ ಹಿಂದೆಮುಂದೆ ನೋಡದೆ, "ಗುಂಡು ತಾಗಿ" ಅಂದರು. ನಾನು ಪಕ್ಕದಲ್ಲೇ ಇದ್ದೆ. ಮನೆಗೆ ಬಂದ ಮೇಲೆ ನಮ್ಮಿಬ್ಬರಿಗೆ ಜಗಳವೇ ಆಯಿತು.

"ಜ್ವರ ಅಂತ ಬರೆಸಿದ್ರೆ ಯಾರು ಹೆಸರು ಹಾಕ್ತಾರೆ?" ಅನ್ನುವುದು ಅವರ ವಾದ. ಅಜ್ಜಿಯ ಅಪ್ಪನ ವಾದವೂ ಅದೇ ಆಗಿತ್ತು ಅಂತ ನನಗೆ ಹೊಳೆಯಿತು. ಎಂಬತ್ತು ವರ್ಷದಲ್ಲಿ ಊರಿಗೆ ಕರೆಂಟು ಬಂತು, ಫೋನು ಬಂತು, ಜ್ವರದಲ್ಲಿ ಸತ್ತ ಸಿಪಾಯಿಗೆ ಮಾತ್ರ ಮರ್ಯಾದೆ ಬರಲಿಲ್ಲ. ಆ ಯುದ್ಧದಲ್ಲಿ ಸತ್ತ ಭಾರತದ ಸೈನಿಕರು ಸುಮಾರು 87,000. ಅವರಲ್ಲಿ ರೋಗ, ಹಸಿವು, ಅಪಘಾತಕ್ಕೆ ಹೋದವರನ್ನು ಬಿಟ್ಟು ಲೆಕ್ಕ ಹಾಕುತ್ತೇವೆ ಅಂದರೆ ಎಷ್ಟೋ ಮನೆಗಳ ಹೆಸರು ಅಳಿಸಬೇಕಾಗುತ್ತದೆ. ನನ್ನ ಪ್ರಕಾರ ಗುಂಡು ಸೇರಿಸುವುದೇ ಅವರಿಗೆ ಮಾಡುವ ಅನ್ಯಾಯ. ಗುಂಡು ಸೇರಿಸಿದ ಕೂಡಲೇ ಲಾರಿ ಮಾಯವಾಗುತ್ತದೆ, ಕೆಸರು ಮಾಯವಾಗುತ್ತದೆ, ಮಾಡಿದ ಕೆಲಸವೇ ಮಾಯವಾಗುತ್ತದೆ. ಯಾವುದೋ ಕ್ಯಾಲೆಂಡರಿನ ಸೈನಿಕ ಉಳಿಯುತ್ತಾನೆ. 'ಡ್ರೈವರ್, ಇಂಫಾಲ, ಜ್ವರದಿಂದ ಮರಣ' ಅಂತ ಬರೆಯಲಿ ಅಂದೆ. ಕೊನೆಗೆ ಏನೂ ಬರೆಯಲಿಲ್ಲ. ಪಟ್ಟಿ ಆಗಲೇ ಹೋಗಿಯಾಗಿತ್ತಂತೆ. ಚಿಕ್ಕಪ್ಪ ಈಗಲೂ ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡೇ ಇದ್ದಾರೆ.

ಆ ಜಗಳದ ನಂತರ ನಾನು ದಾಖಲೆ ಹುಡುಕಲು ಕೂತೆ. ಎರಡು ಮಹಾಯುದ್ಧಗಳಲ್ಲಿ ಸತ್ತ ಕಾಮನ್‌ವೆಲ್ತ್ ದೇಶಗಳ ಸೈನಿಕರ ಸಮಾಧಿ ಮತ್ತು ಹೆಸರು ಕಾಪಾಡಲು ಒಂದು ಸಂಸ್ಥೆ ಇದೆ, ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. 1917ರಲ್ಲಿ ಶುರುವಾದದ್ದು. ಅವರ ಪಟ್ಟಿಯನ್ನು ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಆ ಸಂಸ್ಥೆಯ ಒಂದು ನಿಯಮ ನನಗೆ ಹಿಡಿಸಿತು. ಜನರಲ್ ಆಗಲಿ, ಅಡುಗೆಯವನಾಗಲಿ, ಕಲ್ಲು ಒಂದೇ ಅಳತೆ. ಗುಂಡಿಗೆ ಸತ್ತದ್ದೋ ಜ್ವರಕ್ಕೆ ಸತ್ತದ್ದೋ ಅಂತ ಕಲ್ಲಿನಲ್ಲಿ ವ್ಯತ್ಯಾಸ ಇಲ್ಲ.

ಮುಸ್ಲಿಂ, ಕ್ರೈಸ್ತ ಸೈನಿಕರಿಗೆ ಸಮಾಧಿ ಇರುತ್ತದೆ. ಹಿಂದೂ, ಸಿಖ್ ಸೈನಿಕರನ್ನು ಅವರ ಪದ್ಧತಿಯಂತೆ ಸುಟ್ಟರು. ಅವರಿಗೆ ಕಲ್ಲಿಲ್ಲ, ಒಂದು ಸ್ಮಾರಕದಲ್ಲಿ ಹೆಸರು ಮಾತ್ರ. ಕೊಹಿಮಾದಲ್ಲಿ ಹಾಗೆ 917 ಹೆಸರುಗಳಿವೆ. ಇಂಫಾಲದ ಇಂಡಿಯನ್ ಆರ್ಮಿ ವಾರ್ ಸೆಮೆಟರಿಯಲ್ಲಿ 868. ದೇಹವೂ ಸಿಗದೆ ಹೋದವರ ಹೆಸರು ಇನ್ನೂ ದೂರ, ಬರ್ಮಾದ ಟೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದಲ್ಲಿವೆ. ಅಲ್ಲಿ ಹತ್ತಿರ ಹತ್ತಿರ 27,000 ಹೆಸರು.

ಪಟ್ಟಿಯಲ್ಲಿ ಕೆಲವರಿಗೆ ಎಲ್ಲಾ ವಿವರ ಇದೆ. ಇಂಥವರ ಮಗ, ಇಂಥವಳ ಗಂಡ, ಇಂಥ ಊರು. ಇನ್ನು ಎಷ್ಟೋ ಜನರಿಗೆ ಒಂದು ಹೆಸರು, ಒಂದು ನಂಬರ್, ಅಷ್ಟೇ. ನಮ್ಮವರ ಹೆಸರು ದಕ್ಷಿಣದಲ್ಲಿ ಊರಿಗೆ ಹತ್ತು ಜನಕ್ಕಿರುವ ಹೆಸರು. ಇಂಗ್ಲಿಷಿನಲ್ಲಿ ಬರೆದುಕೊಂಡ ಗುಮಾಸ್ತ ಅದನ್ನು ಹೇಗೆ ಕೇಳಿಸಿಕೊಂಡನೋ. ಅದೇ ಪಡೆ, ಅದೇ ವರ್ಷ, ಹೊಂದುವ ಹೆಸರುಗಳು ಒಂದಕ್ಕಿಂತ ಜಾಸ್ತಿ ಸಿಕ್ಕವು. ಅದರಲ್ಲಿ ನಮ್ಮವರು ಯಾರು ಅಂತ ಹೇಳಬೇಕಾದರೆ ನಂಬರ್ ಬೇಕು. ನಂಬರ್ ಇದ್ದದ್ದು ಮನಿಯಾರ್ಡರ್ ಚೀಟಿಗಳಲ್ಲಿ. ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸುವಾಗ, ಆ ಕಾಗದಗಳೆಲ್ಲ ಬಚ್ಚಲೊಲೆಗೆ ಹೋದವು.

ಅದಕ್ಕೇ ಹೇಳುತ್ತಿದ್ದೇನೆ. ಸೋಮವಾರಪೇಟೆ, ಕುಶಾಲನಗರ, ಭಾಗಮಂಡಲ, ಎಲ್ಲೇ ಇರಲಿ, ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಟ್ರಂಕು ಇದ್ದರೆ ಅದರೊಳಗಿನ ಕಾಗದ ಒಮ್ಮೆ ನೋಡಿ. ಹೆಸರಿಗಿಂತ ನಂಬರ್ ಮುಖ್ಯ. ನಂಬರಿನ ಮುಂದೆ ಅಕ್ಷರಗಳಿದ್ದರೆ ಅವನ್ನೂ ಬಿಡದೆ ಬರೆದುಕೊಳ್ಳಿ. ಆರ್.ಐ.ಎ.ಎಸ್.ಸಿ. ಅಂತಿದ್ದರೆ ಲಾರಿ ಅಥವಾ ಹೇಸರಗತ್ತೆಯವರು, ಪಯೋನಿಯರ್ ಅಂತಿದ್ದರೆ ರಸ್ತೆ ಕಡಿದವರು. ಹೆಸರನ್ನು ಒಂದೇ ಸ್ಪೆಲ್ಲಿಂಗಿನಲ್ಲಿ ಹುಡುಕಿ ಕೈಬಿಡಬೇಡಿ, ನಾಲ್ಕೈದು ಥರ ಬರೆದು ನೋಡಿ. ಕಾಗದದಲ್ಲಿರುವ ಮಿಲ್ಟ್ರಿ ಅಕ್ಷರಗಳು ಅರ್ಥವಾಗದಿದ್ದರೆ ಊರಿನ ಒಬ್ಬ ರಿಟೈರ್ಡ್ ಸುಬೇದಾರರನ್ನು ಹಿಡಿಯಿರಿ. ಕೊಡಗಿನಲ್ಲಿ ಅವರಿಗೇನೂ ಬರವಿಲ್ಲ. ಒಂದು ಲೋಟ ಕಾಫಿ ಕೊಟ್ಟರೆ ಪಲ್ಟನ್ನು ಯಾವುದು, ಕೆಲಸ ಯಾವುದು ಅಂತ ಬಿಡಿಸಿ ಹೇಳುತ್ತಾರೆ. ತಮ್ಮ ಕಥೆಯನ್ನೂ ಹೇಳುತ್ತಾರೆ, ಹಾಗಾಗಿ ಸ್ವಲ್ಪ ಟೈಮ್ ಇಟ್ಟುಕೊಂಡು ಹೋಗಿ.